ಹರಳು ನೀರನ್ನೂ ತೂಗುತ್ತದೆ

ಪ್ರಶ್ನೆ: ಮೈಗೆ ಅಂಟಿದ ತೂಕಕ್ಕೆ ತಕ್ಕಂತೆ ಕಂಪನದ ಆವೃತ್ತಿ ಇಳಿಯುವ, ಚಿನ್ನ ಲೇಪಿಸಿದ 5 ಮೆಗಾಹರ್ಟ್ಸ್ ಕ್ವಾರ್ಟ್ಜ್ ಹರಳಿನ ಮೇಲೆ ಪ್ರೋಟೀನ್ ದ್ರಾವಣ ಹರಿಸಿದಾಗ ಆವೃತ್ತಿ 40 ಹರ್ಟ್ಸ್ ಇಳಿಯಿತು. ಸಾವರ್‌ಬ್ರೈ ಸೂತ್ರದ ಪ್ರಕಾರ ಆ ಇಳಿಕೆಯನ್ನು ತೂಕಕ್ಕೆ ಪರಿವರ್ತಿಸಿದರೆ ಚದರ ಸೆಂಟಿಮೀಟರಿಗೆ ಸುಮಾರು 700 ನ್ಯಾನೊಗ್ರಾಂ ಆಗುತ್ತದೆ. ಎಸ್‌ಪಿಆರ್ (ಸರ್ಫೇಸ್ ಪ್ಲಾಸ್ಮಾನ್ ರೆಸೊನೆನ್ಸ್, ಬೆಳಕಿನಿಂದ ಅಳೆಯುವ) ಉಪಕರಣ 250 ಎನ್ನುತ್ತದೆ. ಯಾವುದು ಕೆಟ್ಟಿದೆ?

ಉತ್ತರ: ಯಾವುದೂ ಕೆಟ್ಟಿಲ್ಲ, ಮತ್ತು ಈ ಪ್ರಶ್ನೆಗೆ ಉತ್ತರಿಸಿ ನನಗೆ ಸಾಕಾಗಿದೆ. ಎಸ್‌ಪಿಆರ್ ಮೇಲ್ಮೈ ಬಳಿಯ ವಕ್ರೀಭವನ ಸೂಚ್ಯಂಕದ ಬದಲಾವಣೆಯನ್ನು ನೋಡುವುದರಿಂದ ಅದರ ಲೆಕ್ಕಕ್ಕೆ ಬರುವುದು ಪ್ರೋಟೀನಿನ ಒಣ ದ್ರವ್ಯರಾಶಿ ಮಾತ್ರ. ಹರಳಿಗೆ ಆ ವಿವೇಚನೆಯಿಲ್ಲ, ಅಣುಗಳ ನಡುವೆ ಸಿಕ್ಕಿಕೊಂಡು ತನ್ನೊಡನೆ ಅಲುಗುವ ನೀರೆಲ್ಲವೂ ಅದಕ್ಕೆ ತೂಕವೇ. ಹಾಗಾಗಿ ಆ 450ರ ಅಂತರವನ್ನು ದೋಷವೆಂದು ಅಳಿಸಬೇಡಿ, ಪದರ ಎಷ್ಟು ನೀರು ಹಿಡಿದಿದೆ ಎಂಬುದು ಅದರಲ್ಲೇ ಇದೆ.

ಆದರೆ 40 ಹರ್ಟ್ಸನ್ನು ಯಾವ ಓವರ್‌ಟೋನಿನಲ್ಲಿ (ಮೂಲ ಆವೃತ್ತಿಯ ಗುಣಕವಾದ ಕಂಪನದಲ್ಲಿ) ಓದಿದಿರೆಂದು ನೀವು ಬರೆದಿಲ್ಲ. ಮೂರನೆಯದರಲ್ಲಿ ಓದಿ 3ರಿಂದ ಭಾಗಿಸಲು ಮರೆತಿದ್ದರೆ ಸರಿಯಾದ ಲೆಕ್ಕ ಸುಮಾರು 236 ಆಗುತ್ತದೆ. ಎರಡು ಉಪಕರಣಗಳೂ ಹೊಂದಿದವೆಂದು ಸಂತೋಷಪಡುವ ಮುನ್ನ, ನೀರನ್ನೇ ಹಿಡಿಯದ ಪ್ರೋಟೀನ್ ಪದರ ಎಲ್ಲಿಂದ ಬಂತೆಂದು ಕೇಳಿಕೊಳ್ಳಿ. 1959ರ ಆ ಸೂತ್ರ ತೆಳುವಾದ, ಬಿಗಿಯಾದ ಪದರಕ್ಕೆ ಹೇಳಿದ್ದು. ಭಾಗಿಸಿದ ಮೇಲೂ ಬೇರೆ ಬೇರೆ ಓವರ್‌ಟೋನುಗಳ ರೇಖೆಗಳು ಒಂದರ ಮೇಲೊಂದು ಕೂರದೆ, ಡಿಸಿಪೇಷನ್ (ಕಂಪನದ ಶಕ್ತಿ ಸೋರುವ ಪ್ರಮಾಣ) ಕೂಡ ಏರುತ್ತಿದ್ದರೆ ಪದರ ಮೆತ್ತಗಿದೆ. ಆಗ ಸೂತ್ರ ಕೊಡುವ ತೂಕ ನಿಜಕ್ಕಿಂತ ಕಡಿಮೆ, ಪದರದ ಮೆತುತನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಸ್ನಿಗ್ಧ-ಸ್ಥಿತಿಸ್ಥಾಪಕ ಮಾದರಿಯನ್ನೇ ಬಳಸಬೇಕು.

ಇನ್ನು ತಾಪಮಾನ. ಇಂಥ ಹರಳಿನ ಒಂದು ಮುಖವನ್ನು ನೀರಿಗೆ ಒಡ್ಡಿದರೇ ಆವೃತ್ತಿ 700 ಹರ್ಟ್ಸಿನಷ್ಟು ಇಳಿಯುತ್ತದೆ, ಮತ್ತು ನೀರಿನ ಸ್ನಿಗ್ಧತೆ ಡಿಗ್ರಿಗೆ ಸುಮಾರು ಶೇ 2ರಷ್ಟು ಬದಲಾಗುವುದರಿಂದ ಅರ್ಧ ಡಿಗ್ರಿ ಕದಲಿದರೂ ಮೂರು ನಾಲ್ಕು ಹರ್ಟ್ಸ್ ಸುಳ್ಳು ಸಂಕೇತ ಸಿಗುತ್ತದೆ. ಆಧಾರರೇಖೆ ಒಂದು ಗಂಟೆ ಸಮತಟ್ಟಾಗಿ ಸಾಗುವವರೆಗೆ ನಾನಂತೂ ಪ್ರೋಟೀನ್ ದ್ರಾವಣವನ್ನು ಮುಟ್ಟುವುದಿಲ್ಲ. ಅತಿಯೆಂದು ವಿದ್ಯಾರ್ಥಿಗಳು ಗೊಣಗುತ್ತಾರೆ, ಗೊಣಗಲಿ. ಕೊನೆಯಲ್ಲಿ ತೊಳೆಯುವುದು ಆರಂಭಿಸಿದ ಬಫರಿನಿಂದಲೇ (ಆಮ್ಲೀಯತೆಯನ್ನು ಸ್ಥಿರವಾಗಿಡುವ ದ್ರಾವಣ) ಆಗಿರಲಿ.

ಪ್ರಶ್ನೆ: ಗಾಳಿಯಲ್ಲಿ ಎಎಫ್‌ಎಂ (ಪರಮಾಣು ಬಲ ಸೂಕ್ಷ್ಮದರ್ಶಕದ) ಸೂಜಿ ಮೇಲ್ಮೈಗೆ ಅಂಟುವ ಬಲವು ಅಣುಬಂಧದ ಬಲವೇ?

ಉತ್ತರ: ಬಹುಪಾಲು ಅದು ತುದಿಯಲ್ಲಿ ಸೇರಿದ ತೇವದ ಕೇಶಾಕರ್ಷಣೆ, ದ್ರವದೊಳಗೆ ಅಳೆಯಿರಿ.

ಪ್ರಶ್ನೆ: ‘ರಚನಾತ್ಮಕ ನೀರು’ ಮಾರುವವರು ನೀರಿಗೆ ಸ್ಥಿರ ರಚನೆಯಿದೆ ಎನ್ನುವ ಮಾತನ್ನು ಹರಳಿನಿಂದ ಸಾಬೀತುಪಡಿಸಬಹುದೇ?

ಉತ್ತರ: ನೀರಿನ ಹೈಡ್ರೋಜನ್ ಬಂಧಗಳು ಪಿಕೊಸೆಕೆಂಡುಗಳಲ್ಲಿ ಮುರಿದು ಕೂಡುತ್ತವೆ, ಬಾಟಲಿಗೆ ತುಂಬಿ ಮಾರುವ ರಚನೆ ಎಂಬುದಿಲ್ಲ, ಹರಳನ್ನು ಆ ವಂಚಕರಿಗಾಗಿ ಸವೆಸಬೇಡಿ.

ಪ್ರಶ್ನೆ: ಹರಳು ತೊಳೆದು ಉಳಿದ ಪಿರಾನಾ ದ್ರಾವಣವನ್ನು (ಸಲ್ಫ್ಯೂರಿಕ್ ಆಮ್ಲ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಮಿಶ್ರಣ) ಮುಚ್ಚಳ ಬಿಗಿದು ಇಡಬಹುದೇ?

ಉತ್ತರ: ಬೇಡವೇ ಬೇಡ. ಅನಿಲ ಒತ್ತಡದಿಂದ ಬಾಟಲಿ ಸಿಡಿಯುತ್ತದೆ.