ಗ್ವಾನಿನ್‌ಗೆ ಮಾತ್ರೆ ಬೇಕೇ, ಮೇಷ್ಟ್ರೇ?

"ಕಳೆದ ಸಂಚಿಕೆಯ ಡಿಎನ್‌ಎ ಲೇಖನ ಓದಿದೆ. ನಾವು ಉಸಿರಾಡುವ ಆಮ್ಲಜನಕವೇ ಡಿಎನ್‌ಎಯನ್ನು ಕೆಡಿಸುತ್ತದೆ, ಅದರಲ್ಲೂ ಗ್ವಾನಿನ್ ಬೇಗ ಕೆಡುತ್ತದೆ ಎಂದಿದ್ದೀರಿ. ಅಮೆರಿಕದಲ್ಲಿರುವ ಅಳಿಯಂದಿರು, ಆಮ್ಲಜನಕದ ಹಾನಿ ತಡೆಯುತ್ತದೆನ್ನುವ ಆಂಟಿಆಕ್ಸಿಡೆಂಟ್ ಮಾತ್ರೆಯ ಬಾಟಲಿ ಕಳಿಸಿದ್ದಾರೆ. ಡಿಎನ್‌ಎಗೆ ರಕ್ಷಣೆ ಎಂದು ಅದರ ಮೇಲೆ ಬರೆದಿದೆ. ತೆಗೆದುಕೊಳ್ಳಲೇ? ಇಷ್ಟು ಸುಲಭವಾಗಿ ಕೆಡುವ ವಸ್ತುವನ್ನು ಪ್ರಕೃತಿ ಯಾಕಾದರೂ ಇಟ್ಟುಕೊಂಡಿತು?"
ನಿವೃತ್ತ ವಿಜ್ಞಾನ ಶಿಕ್ಷಕರು, ತೀರ್ಥಹಳ್ಳಿ

ಮೇಷ್ಟ್ರೇ, ನಿಮ್ಮ ಎರಡನೇ ಪ್ರಶ್ನೆ ನನಗೆ ತುಂಬಾ ಹಿಡಿಸಿತು. ಮೊದಲನೆಯದರ ಬಗ್ಗೆ ಮಾತ್ರ ಸ್ವಲ್ಪ ಜಗಳವಾಡಬೇಕು. ಪುರಾವೆ ಕೇಳಿ ಎಂದು ವರ್ಷಗಟ್ಟಲೆ ಮಕ್ಕಳಿಗೆ ಹೇಳಿಕೊಟ್ಟವರು ನೀವು. ಬಾಟಲಿಯ ಮೇಲಿನ ಒಂದು ಸಾಲಿಗೆ ಅರ್ಧ ಮನಸ್ಸು ಕೊಟ್ಟುಬಿಟ್ಟಿರಾ?

ಅಳಿಯಂದಿರ ಪ್ರೀತಿಗೆ ನನ್ನ ತಕರಾರಿಲ್ಲ. ವಿಟಮಿನ್ ಕೊರತೆ ಇದ್ದರೆ ಡಾಕ್ಟರು ಬರೆದುಕೊಟ್ಟ ಮಾತ್ರೆ ನುಂಗಲೇಬೇಕು, ಅದೂ ಸರಿ. ಮಾತ್ರೆಯ ಪರವಾಗಿ ನಾನು ಹೇಳಬಹುದಾದದ್ದು ಇಷ್ಟೇ.

ಗ್ವಾನಿನ್ ಬೇಗ ಕೆಡುತ್ತದೆ ಅನ್ನುವುದು ನಿಜ. ಇಂಥ ಕೆಡುವಿಕೆಯಲ್ಲಿ ಎಲೆಕ್ಟ್ರಾನ್ ಕಳೆದುಹೋಗುತ್ತದೆ. ಡಿಎನ್‌ಎ ಏಣಿಯ ಮೆಟ್ಟಿಲುಗಳಾದ ನಾಲ್ಕು ಬೇಸ್‌ಗಳಲ್ಲಿ (ಗ್ವಾನಿನ್, ಸೈಟೋಸಿನ್, ಅಡೆನಿನ್, ಥೈಮಿನ್) ಎಲೆಕ್ಟ್ರಾನನ್ನು ಎಲ್ಲರಿಗಿಂತ ಸುಲಭವಾಗಿ ಬಿಟ್ಟುಕೊಡುವುದು ಅದೇ. ರಚನೆಯೂ ಇದಕ್ಕೆ ಕೈಜೋಡಿಸುತ್ತದೆ. ಬೇಸ್ ಜೋಡಿಗಳು ರೊಟ್ಟಿ ಪೇರಿಸಿಟ್ಟ ಹಾಗೆ ಒಂದರ ಮೇಲೊಂದು ಕೂತಿವೆ. ನಡುವೆ ಬರೀ 3.4 ಆಂಗ್‌ಸ್ಟ್ರಾಂ ಅಂತರ (ಒಂದು ಆಂಗ್‌ಸ್ಟ್ರಾಂ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ). ಹಾಗಾಗಿ ಎಲ್ಲೋ ಒಂದು ಕಡೆ ಎಲೆಕ್ಟ್ರಾನ್ ಕಳೆದುಹೋದರೆ, ಆ ಕೊರತೆ ಜೋಡಿಯಿಂದ ಜೋಡಿಗೆ ದಾಟುತ್ತಾ ದೂರದ ಗ್ವಾನಿನ್ ಮೇಲೆ ಬಂದು ನಿಲ್ಲಬಹುದು. ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಜಾಕ್ವೆಲಿನ್ ಬಾರ್ಟನ್ ಅವರ ಗುಂಪು 1996ರಲ್ಲಿ ಇದನ್ನು ತೋರಿಸಿತು. ಎರಡು ಗ್ವಾನಿನ್ ಅಕ್ಕಪಕ್ಕ ಇದ್ದ ಜಾಗಕ್ಕೆ ಏಟು ಜಾಸ್ತಿ.

ಏಟು ಬಿದ್ದಾಗ ಹುಟ್ಟುವ ಮುಖ್ಯ ವಸ್ತು 8-ಆಕ್ಸೋಗ್ವಾನಿನ್. ಜಪಾನಿನ ಹಿರೋಶಿ ಕಸಾಯ್ ಮತ್ತು ಸುಸುಮು ನಿಶಿಮುರಾ 1984ರಲ್ಲಿ ಇದನ್ನು ವರದಿ ಮಾಡಿದರು. ಗ್ವಾನಿನ್‌ಗೆ ಆಮ್ಲಜನಕ ಅಂಟಿಸಲು ಅವರು ಬಳಸಿದ್ದು ಏನು ಗೊತ್ತೇ? ಆಸ್ಕಾರ್ಬಿಕ್ ಆಮ್ಲ. ಅಂದರೆ ವಿಟಮಿನ್ ಸಿ, ಹೆಸರಾಂತ ಆಂಟಿಆಕ್ಸಿಡೆಂಟ್! ಪ್ರನಾಳದಲ್ಲಿ ನಡೆದದ್ದು ದೇಹದಲ್ಲೂ ಹಾಗೇ ನಡೆಯುತ್ತದೆ ಎಂದೇನಿಲ್ಲ, ನಿಂಬೆಹಣ್ಣಿಗೆ ಹೆದರಬೇಡಿ. ಆದರೆ ಬಾಟಲಿಯವರು ಮಾರುತ್ತಿರುವುದೂ ಪ್ರನಾಳದ ಕಥೆಯನ್ನೇ ಅಲ್ವಾ?

ದೇಹದ ಕಥೆ ಫಿನ್ಲೆಂಡಿನಲ್ಲಿ ಗೊತ್ತಾಯಿತು. ಸಿಗರೇಟು ಸೇದುವ 29,133 ಗಂಡಸರನ್ನು ಸೇರಿಸಿಕೊಂಡು ಪ್ರಯೋಗ ಮಾಡಿದರು. ಕೆಲವರಿಗೆ ಬೀಟಾ ಕ್ಯಾರೊಟಿನ್, ಕೆಲವರಿಗೆ ವಿಟಮಿನ್ ಇ (ಎರಡೂ ಆಂಟಿಆಕ್ಸಿಡೆಂಟ್‌ಗಳೇ), ಕೆಲವರಿಗೆ ಎರಡೂ, ಉಳಿದವರಿಗೆ ಸುಮ್ನೆ ಖಾಲಿ ಮಾತ್ರೆ. 1994ರಲ್ಲಿ ಫಲಿತಾಂಶ ಬಂತು. ಬೀಟಾ ಕ್ಯಾರೊಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಜಾಸ್ತಿಯಾಗಿತ್ತು. ಅಮೆರಿಕದಲ್ಲಿ ನಡೆಯುತ್ತಿದ್ದ ಇಂಥದ್ದೇ ಇನ್ನೊಂದು ಪ್ರಯೋಗವನ್ನು 1996ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಬಾಟಲಿಯ ಮೇಲೆ ಇದನ್ನು ಯಾರು ಬರೆಯುತ್ತಾರೆ?

ಈಗ ನನಗೆ ಇಷ್ಟವಾದ ಭಾಗಕ್ಕೆ ಬರುತ್ತೇನೆ. 8-ಆಕ್ಸೋಗ್ವಾನಿನ್ ಬಹಳ ಕಿಲಾಡಿ. ಗ್ವಾನಿನ್‌ನ ಮಾಮೂಲಿ ಜೋಡಿ ಸೈಟೋಸಿನ್ ಎದುರು ಕೂತಾಗ ಡಿಎನ್‌ಎ ಸುರುಳಿಯನ್ನು ಸೊಟ್ಟ ಮಾಡುವುದೇ ಇಲ್ಲ, ಹೊರಗಿನಿಂದ ನೋಡಿದರೆ ಎಲ್ಲ ನೆಟ್ಟಗೇ ಇದೆ. ಡಿಎನ್‌ಎ ನಕಲಾಗುವ ಹೊತ್ತಿಗೆ ಮಗ್ಗುಲು ಬದಲಿಸಿ ಅಡೆನಿನ್ ಜೊತೆ ಕೂರುತ್ತದೆ. ಇನ್ನೊಂದು ಸುತ್ತು ನಕಲಾದರೆ ಗ್ವಾನಿನ್ ಇದ್ದ ಜಾಗದಲ್ಲಿ ಅಡೆನಿನ್‌ನ ಜೋಡಿಯಾದ ಥೈಮಿನ್ ಬಂದು, ತಪ್ಪು ಕಾಯಂ ಆಗುತ್ತದೆ.

ಇದನ್ನು ಹಿಡಿಯಲು ನಮ್ಮ ಜೀವಕೋಶದಲ್ಲಿ ಓಜಿಜಿ1 ಎಂಬ ಕಿಣ್ವವಿದೆ. ಅದು ಅನುಮಾನ ಬಂದ ಬೇಸನ್ನು ಸುರುಳಿಯಿಂದ ಹೊರಕ್ಕೆ ತಿರುಗಿಸಿ ಪರೀಕ್ಷೆ ಮಾಡುತ್ತದೆ. ಒಳ್ಳೆಯ ಗ್ವಾನಿನ್‌ನ ಏಳನೇ ಸ್ಥಾನದಲ್ಲಿರುವ ಸಾರಜನಕದ ಮೇಲೆ ಹೈಡ್ರೋಜನ್ ಇರುವುದಿಲ್ಲ, ಕೆಟ್ಟದ್ದರ ಮೇಲೆ ಇರುತ್ತದೆ. ಆ ಒಂದು ಹೈಡ್ರೋಜನ್ ಗುರುತು ಹಿಡಿದು ಕತ್ತರಿಸಿ ಎಸೆಯುತ್ತದೆ! ಅಷ್ಟರಲ್ಲಿ ನಕಲು ಆಗಿ ಅಡೆನಿನ್ ಬಂದು ಕೂತಿದ್ದರೆ, ಕೆಲಸ ಎಂಯುಟಿವೈಎಚ್ ಎಂಬ ಇನ್ನೊಂದು ಕಿಣ್ವದ್ದು. ಅದು ಏನೂ ಕೆಡದ ಆ ಅಡೆನಿನ್ನನ್ನೇ ಕೀಳುತ್ತದೆ, ಸೈಟೋಸಿನ್‌ಗೆ ಇನ್ನೊಂದು ಅವಕಾಶ ಸಿಗಲಿ ಅಂತ. ಈ ಕಿಣ್ವದ ಜೀನ್ ಕೆಟ್ಟಿದ್ದ ಒಂದು ಬ್ರಿಟಿಷ್ ಕುಟುಂಬದಲ್ಲಿ ದೊಡ್ಡ ಕರುಳಿನ ತುಂಬ ಗಂಟುಗಳು, ಕ್ಯಾನ್ಸರ್ ಬಂದಿದ್ದನ್ನು ಕಾರ್ಡಿಫ್‌ನ ವಿಜ್ಞಾನಿಗಳು 2002ರಲ್ಲಿ ಬರೆದರು. ಡಿಎನ್‌ಎ ದುರಸ್ತಿಯ ಕೆಲಸಕ್ಕೆ 2015ರಲ್ಲಿ ಥಾಮಸ್ ಲಿಂಡಾಲ್, ಪಾಲ್ ಮಾಡ್ರಿಚ್ ಮತ್ತು ಅಜೀಜ್ ಸಂಜಾರ್ ಅವರಿಗೆ ರಸಾಯನ ವಿಜ್ಞಾನದ ನೊಬೆಲ್ ಬಂತು. ನಮ್ಮ ಪತ್ರಿಕೆಗಳಲ್ಲಿ ಅದಕ್ಕೆ ಎಷ್ಟು ಸಾಲು ಸಿಕ್ಕಿತು ಹೇಳಿ?

ನಿಮ್ಮ ಎರಡನೇ ಪ್ರಶ್ನೆಗೂ ಉತ್ತರದ ಅರ್ಧ ಇಲ್ಲೇ ಇದೆ. ಪ್ರಕೃತಿ ಕೆಡದ ವಸ್ತುವಿಗಾಗಿ ಕಾಯಲಿಲ್ಲ. ಎರಡು ಎಳೆ ಇಟ್ಟುಕೊಂಡಿತು. ಒಂದರಲ್ಲಿ ಗ್ವಾನಿನ್ ಹೋದರೆ ಅಲ್ಲಿ ಏನಿತ್ತು ಎಂದು ಎದುರಿನ ಸೈಟೋಸಿನ್ ಹೇಳುತ್ತದೆ. ಆ ಎರಡನ್ನು ಕಟ್ಟಿಹಾಕುವ ಮೂರು ಹೈಡ್ರೋಜನ್ ಬಂಧಗಳ ಬಿಗಿ ಬೇರೆ ಇದೆ, ಅಡೆನಿನ್ ಮತ್ತು ಥೈಮಿನ್ ನಡುವೆ ಇರುವುದು ಎರಡೇ.

ಗ್ವಾನಿನ್ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. 1953ರಲ್ಲಿ ಕೇಂಬ್ರಿಜ್‌ನಲ್ಲಿ ಡಿಎನ್‌ಎ ರಚನೆ ಹುಡುಕುತ್ತಿದ್ದ ವಾಟ್ಸನ್ ಬೇಸ್‌ಗಳ ಜೋಡಿ ಕೂಡಿಸಲು ಒದ್ದಾಡುತ್ತಿದ್ದುದಕ್ಕೆ ಒಂದು ಕಾರಣ ಪಠ್ಯಪುಸ್ತಕ. ಅದರಲ್ಲಿ ಗ್ವಾನಿನ್‌ನ ಹೈಡ್ರೋಜನ್ ತಪ್ಪು ಜಾಗದಲ್ಲಿತ್ತು. ಅದೇ ಕೋಣೆಯಲ್ಲಿ ಕೂರುತ್ತಿದ್ದ ರಸಾಯನ ವಿಜ್ಞಾನಿ ಜೆರ್ರಿ ಡೊನೊಹ್ಯೂ ಅದನ್ನು ತಿದ್ದದೇ ಹೋಗಿದ್ದರೆ ಜೋಡಿ ಆಗ ಕೂಡುತ್ತಿರಲಿಲ್ಲ. ಡೊನೊಹ್ಯೂ ಹೆಸರನ್ನು ನಮ್ಮ ಯಾವ ಮಗು ಕೇಳಿದೆ? ಅಷ್ಟು ದೂರ ಯಾಕೆ, 1970ರ ದಶಕದಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ಶಶಿಶೇಖರನ್, ಡಿಎನ್‌ಎಯ ಎಳೆಗಳು ಉದ್ದಕ್ಕೂ ಬಲಕ್ಕೇ ಸುತ್ತಿಕೊಂಡಿರಬೇಕೇ, ತುಸು ಬಲಕ್ಕೆ ತುಸು ಎಡಕ್ಕೆ ತಿರುಗಿರಬಾರದೇ ಎಂದು ಬೇರೆಯೇ ಒಂದು ಮಾದರಿ ಮುಂದಿಟ್ಟರು. ಆ ಮಾದರಿ ನಿಲ್ಲಲಿಲ್ಲ. ಆದರೂ ಪ್ರಪಂಚವೆಲ್ಲ ಒಪ್ಪಿದ್ದನ್ನು ಇಲ್ಲಿ ಕೂತು ಕೇಳಿದ ಧೈರ್ಯ ನೋಡಿ. ಅದು ಪಾಠದಲ್ಲಿ ಇಲ್ಲ. ಏಣಿಯ ಚಿತ್ರ ಬರೆದು ಹೆಸರು ಗುರುತಿಸಿದರೆ ಮಾರ್ಕು.

ಜಾಹೀರಾತಿನವರ ಡಿಎನ್‌ಎಯಂತೂ ದೇವರಿಗೇ ಪ್ರೀತಿ. ಹಿಂದೊಮ್ಮೆ ನಮ್ಮ ಹಿಂಬದಿ ರಕ್ಷಾಪುಟಕ್ಕೆ ಒಂದು ಕಂಪನಿಯ "ವಯಸ್ಸು ತಡೆಯುವ" ಪೇಯದ ಜಾಹೀರಾತು ಬಂತು. ಬಲಕ್ಕೆ ತಿರುಗಬೇಕಾದ ಸುರುಳಿ ಚಿತ್ರದಲ್ಲಿ ಎಡಕ್ಕೆ ತಿರುಚಿಕೊಂಡಿತ್ತು. ಎಡಸುರುಳಿಯ ಜೆಡ್-ಡಿಎನ್‌ಎ ಇರುವುದು ಹೌದು, 1979ರಲ್ಲಿ ಅದರ ಹರಳನ್ನೂ ನೋಡಿದ್ದಾರೆ, ಆದರೆ ಪೇಯದ ಕಂಪನಿಗೆ ಅಷ್ಟು ಓದು ಇದ್ದಂತೆ ಕಾಣಲಿಲ್ಲ. "ಉಲ್ಟಾ ಇದೆಯಲ್ಲಪ್ಪಾ" ಅಂದೆ. "ಯಾರ್ ಸಾರ್ ನೋಡ್ತಾರೆ?" ಅಂದ ಬಂದಿದ್ದ ಹುಡುಗ. ಜಾಹೀರಾತು ವಾಪಸ್ ಕಳಿಸಿದೆ. ಆ ತಿಂಗಳು ನಮ್ಮ ಮ್ಯಾನೇಜರ್ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ನೋಡುವವರು ಇದ್ದಾರೆ, ನಿಮ್ಮ ಕಾಗದವೇ ಸಾಕ್ಷಿ. ಅದಕ್ಕೇ ಒಂದು ಬೇಡಿಕೆ. ಹೈಸ್ಕೂಲ್ ಮಕ್ಕಳಿಗೆ ಅರ್ಥವಾಗುವ ಹಾಗೆ ಡಿಎನ್‌ಎ ದುರಸ್ತಿಯ ಬಗ್ಗೆ ನೀವೇ ಬರೆದುಕೊಡಿ. ಎರಡು ಪುಟ ಬಿಟ್ಟಿರುತ್ತೇನೆ. ಚಿತ್ರ ನಮ್ಮ ಕಲಾವಿದರು ಬರೆಯುತ್ತಾರೆ, ಅಚ್ಚಿಗೆ ಹೋಗುವ ಮೊದಲು ಸುರುಳಿ ಯಾವ ಕಡೆ ತಿರುಗಿದೆ ಅಂತ ನೀವೇ ನೋಡಿ ಕಳಿಸಿ.

ಸಂ.