ಕುಲಪತಿಯನ್ನು ಸೈನ್ಯ ಕೊಂದದ್ದೇಕೆ?

ಪ್ರಶ್ನೆ: ಯೇಸುಸಭೆಯ (ಜೆಸ್ವಿಟ್) ಪಾದ್ರಿಗಳೆಂದರೆ ನಮಗೆ ಮಂಗಳೂರಿನ ಸೇಂಟ್ ಅಲೋಶಿಯಸ್, ಬೆಂಗಳೂರಿನ ಸೇಂಟ್ ಜೋಸೆಫ್ಸ್ ನೆನಪಾಗುತ್ತವೆ. ಮಧ್ಯ ಅಮೆರಿಕದ ಎಲ್ ಸಾಲ್ವಡಾರ್‌ನಲ್ಲಿ ಇಗ್ನಾಸಿಯೊ ಎಯಾಕುರಿಯಾ ಎಂಬ ಜೆಸ್ವಿಟ್ ಕುಲಪತಿಯನ್ನು ಸೈನ್ಯವೇ ಕೊಂದಿತೆಂದು ಓದಿದೆ. ವಿಶ್ವವಿದ್ಯಾಲಯ ನಡೆಸುವವರ ಮೇಲೆ ಸೈನ್ಯಕ್ಕೆ ಅಂಥ ಹಗೆಯೇಕೆ?

ಉತ್ತರ: ಫಾದರ್ ಎಯಾಕುರಿಯಾ 1930ರಲ್ಲಿ ಸ್ಪೇನಿನ ಬಾಸ್ಕ್ ಸೀಮೆಯಲ್ಲಿ ಹುಟ್ಟಿ, 1947ರಲ್ಲಿ ಯೇಸುಸಭೆ ಸೇರಿ, ಬಳಿಕ ಎಲ್ ಸಾಲ್ವಡಾರ್‌ಗೆ ಬಂದವರು. ಇನ್ಸ್‌ಬ್ರುಕ್‌ನಲ್ಲಿ ಹೆಸರಾಂತ ಜರ್ಮನ್ ದೈವಶಾಸ್ತ್ರಜ್ಞ ಕಾರ್ಲ್ ರಾನರ್ ಅವರ ಶಿಷ್ಯರಾಗಿ ದೈವಶಾಸ್ತ್ರ ಓದಿದರು. 1967ರಲ್ಲಿ ರಾಜಧಾನಿ ಸಾನ್ ಸಾಲ್ವಡಾರ್‌ನ ಮಧ್ಯ ಅಮೆರಿಕ ವಿಶ್ವವಿದ್ಯಾಲಯದ ಅಧ್ಯಾಪಕರಾದರು. 1979ರಿಂದ ಕೊನೆಯವರೆಗೂ ಅದರ ಮುಖ್ಯಸ್ಥರಾಗಿದ್ದರು.

ಹಗೆಯ ಬೇರು ಅವರು ಆ ವಿಶ್ವವಿದ್ಯಾಲಯಕ್ಕೆ ವಹಿಸಿದ ಕೆಲಸದಲ್ಲಿದೆ. ಬಡವರೇ ಹೆಚ್ಚಿರುವ ನಾಡಿನಲ್ಲಿ ಪದವಿ ಹಂಚುವುದಷ್ಟೇ ಸಾಲದು, ನಾಡಿನ ವಾಸ್ತವವನ್ನು ಶಾಸ್ತ್ರೀಯವಾಗಿ ಅಧ್ಯಯನ ಮಾಡಿ, ಕಂಡ ಸತ್ಯವನ್ನು ಎಲ್ಲರೆದುರು ಹೇಳುವುದೂ ವಿಶ್ವವಿದ್ಯಾಲಯದ ಧರ್ಮ ಎಂಬುದು ಅವರ ನಿಲುವಾಗಿತ್ತು. 1976ರಲ್ಲಿ ಸರ್ಕಾರ ಭೂಮಾಲೀಕರಿಗೆ ಮಣಿದು ಭೂಸುಧಾರಣೆಯಿಂದ ಹಿಂದೆ ಸರಿದಾಗ, ಅವರ ಸಂಪಾದಕತ್ವದ ಪತ್ರಿಕೆ ಅದನ್ನು ನೇರವಾಗಿ ಖಂಡಿಸಿತು. ಕ್ಯಾಂಪಸ್ಸಿನಲ್ಲಿ ಬಾಂಬುಗಳು ಸಿಡಿದವು. ಸಹೋದ್ಯೋಗಿ ಮಾರ್ತಿನ್-ಬಾರೊ ಜನಾಭಿಪ್ರಾಯ ಸಂಗ್ರಹಕ್ಕೆ, ಸೆಗುಂದೊ ಮೊಂತೆಸ್ ಮಾನವ ಹಕ್ಕುಗಳ ಅಧ್ಯಯನಕ್ಕೆ ಅಲ್ಲೇ ಸಂಸ್ಥೆಗಳನ್ನು ಕಟ್ಟಿದರು. ಸುಮಾರು 75,000 ಜನರನ್ನು ಬಲಿ ತೆಗೆದುಕೊಂಡ, ಸರ್ಕಾರ ಮತ್ತು ಎಡಪಂಥೀಯ ಗೆರಿಲ್ಲಾಗಳ ನಡುವಿನ ಅಂತರ್ಯುದ್ಧದ ಮಧ್ಯೆ, ಯಾವ ಪಕ್ಷವೂ ಗೆಲ್ಲಲಾರದು, ಮಾತುಕತೆಯೊಂದೇ ದಾರಿ ಎಂದು ಎಯಾಕುರಿಯಾ ಬರೆಯುತ್ತಲೇ ಇದ್ದರು. ಸೈನ್ಯದೊಳಗಿನ ಕಟುಪಂಥೀಯರಿಗೆ ಬಂದೂಕಿಗಿಂತ ಈ ಮಾತೇ ಹೆಚ್ಚು ಅಪಾಯಕಾರಿಯಾಗಿ ಕಂಡಿತೆಂಬುದು ನನ್ನ ಅಭಿಪ್ರಾಯ.

1989ರ ನವೆಂಬರ್ 11ರಂದು ಗೆರಿಲ್ಲಾಗಳು ರಾಜಧಾನಿಯ ಮೇಲೆ ದಾಳಿ ಆರಂಭಿಸಿದಾಗ ಅವರು ಸ್ಪೇನಿನಲ್ಲಿದ್ದರು. ಅಲ್ಲೇ ಉಳಿಯಬಹುದಿತ್ತು, 13ರಂದು ಮರಳಿದರು. ಅಂದು ಸಂಜೆಯೇ ಸೈನಿಕರು ಪಾದ್ರಿಗಳ ನಿವಾಸವನ್ನು ಶೋಧಿಸಿ ಹೋದರು. 16ರ ನಸುಕಿಗೆ ಮುನ್ನ ಸೈನ್ಯದ ಅಟ್ಲಕಾಟ್ಲ್ ಪಡೆಯವರು ಮತ್ತೆ ಬಂದು, ಪಾದ್ರಿಗಳನ್ನು ಹಿತ್ತಲಿಗೆ ಕರೆತಂದು, ಹುಲ್ಲಿನ ಮೇಲೆ ಬೋರಲು ಮಲಗಿಸಿ ಗುಂಡಿಕ್ಕಿದರು. ಒಟ್ಟು ಆರು ಪಾದ್ರಿಗಳು ಹತರಾದರು. ಹೊರಗಿನ ಗುಂಡಿನ ಕಾಳಗಕ್ಕೆ ಹೆದರಿ ಅಲ್ಲೇ ತಂಗಿದ್ದ ಅಡುಗೆಯಾಕೆ ಎಲ್ಬಾ ರಾಮೋಸ್ ಮತ್ತು ಅವರ ಹದಿಹರೆಯದ ಮಗಳು ಸೆಲಿನಾ ಕೂಡ ಉಳಿಯಲಿಲ್ಲ. ಎಯಾಕುರಿಯಾರನ್ನು ಕೊಲ್ಲಬೇಕು, ಸಾಕ್ಷಿಗಳನ್ನು ಉಳಿಸಬಾರದು ಎಂದು ಸೇನೆಯ ಹಿರಿಯ ಅಧಿಕಾರಿಗಳಿಂದಲೇ ಆದೇಶ ಬಂದಿತ್ತೆಂದು 1993ರಲ್ಲಿ ವಿಶ್ವಸಂಸ್ಥೆಯ ಸತ್ಯಶೋಧನಾ ಆಯೋಗ ನಿರ್ಣಯಿಸಿತು.

ಅವರು ಬಯಸಿದ್ದ ಶಾಂತಿ ಒಪ್ಪಂದಕ್ಕೆ 1992ರ ಜನವರಿಯಲ್ಲಿ ಸಹಿ ಬಿತ್ತು. ನ್ಯಾಯ ಮಾತ್ರ ಕುಂಟುತ್ತಲೇ ಬಂದಿದೆ. ಈ ಕೊಲೆಗಳಿಗಾಗಿ ಶಿಕ್ಷೆಯಾಗಿದ್ದ ಸೇನೆಯ ಕರ್ನಲ್ ಬೆನಾವಿದೆಸ್ 1993ರ ಕ್ಷಮಾದಾನದಿಂದ ಹೊರಬಂದರು. 2020ರಲ್ಲಿ ಸ್ಪೇನಿನ ನ್ಯಾಯಾಲಯ ಇದೇ ಪ್ರಕರಣದಲ್ಲಿ ಎಲ್ ಸಾಲ್ವಡಾರ್ ಸೇನೆಯ ಮಾಜಿ ಕರ್ನಲ್ ಮೊಂತಾನೊಗೆ 133 ವರ್ಷಗಳ ಸೆರೆವಾಸ ವಿಧಿಸಿತು. ಆದರೆ ಆ ಶಿಕ್ಷೆ ಸ್ಪೇನ್ ಮೂಲದ ಐವರು ಪಾದ್ರಿಗಳ ಕೊಲೆಗೆ ಮಾತ್ರ. ಎಲ್ಬಾ, ಸೆಲಿನಾ ಮತ್ತು ಎಲ್ ಸಾಲ್ವಡಾರ್‌ನಲ್ಲೇ ಹುಟ್ಟಿದ ಫಾದರ್ ಲೋಪೆಸ್ ಇ ಲೋಪೆಸ್ ಅವರ ಕೊಲೆ ಆ ಶಿಕ್ಷೆಯ ಲೆಕ್ಕಕ್ಕೆ ಸೇರಲಿಲ್ಲ.