ಸಂಪಾದಕರ ಉತ್ತರ: ನಿಮ್ಮ ಮಗ ಕಟ್ಟಿದ ಕೋಟೆ ಗೋಡೆ

ಶಹಾಪುರದ ನಿವೃತ್ತ ಶಿಕ್ಷಕರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಅವರ ಮಗ ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದಿ ಬೆಂಗಳೂರಿನ ಒಂದು ವಿಡಿಯೋ ಗೇಮ್ ಕಂಪನಿ ಸೇರಿದ್ದ. ಮೂರು ವರ್ಷ ಒಂದೇ ಆನ್‌ಲೈನ್ ಗೇಮ್ ಮೇಲೆ ದುಡಿದ. ಗೇಮ್ ಬಿಡುಗಡೆಯಾದ ದಿನವೇ ಸರ್ವರ್, ಅಂದರೆ ಆಡುವವರನ್ನೆಲ್ಲ ಒಂದುಗೂಡಿಸುವ ಕಂಪ್ಯೂಟರ್, ಕೈಕೊಟ್ಟಿತು. ಆಡುವವರು ವಾರದಿಂದ ವಾರಕ್ಕೆ ಕಡಿಮೆಯಾದರು. ಒಂಬತ್ತನೇ ವಾರಕ್ಕೆ ಗೇಮ್ ನಿಂತಿತು, ಮರುತಿಂಗಳು ಕಂಪನಿಯೇ ಮುಚ್ಚಿತು. ಹುಡುಗ ಈಗ ಊರಲ್ಲಿದ್ದಾನೆ. ‘ಆಟ ಆಡಿ ಕೆಲಸ ಕಳಕೊಂಡ ಅಂತ ಓಣಿಯವರು ಅಂತಾರ. ನನಗೂ ಉತ್ತರ ಕೊಡಲಿಕ್ಕೆ ಆಗವಲ್ತು. ಇದು ಖರೇನೇ ಒಂದು ಕೆಲಸ ಹೌದೋ ಅಲ್ಲೋ? ಬ್ಯಾಂಕ್ ಪರೀಕ್ಷೆಗೆ ಕೂಡು ಅಂತ ಹೇಳಲೇನು?’ ಎಂದು ಕೇಳಿದ್ದಾರೆ.

ಮಾಸ್ತರೇ,

ನಿಮ್ಮ ಪತ್ರ ಬಂದು ಹತ್ತು ದಿನ ಆಯಿತು. ಅದರಲ್ಲಿನ ಒಂದು ಮಾತು ಇನ್ನೂ ನನ್ನ ಬೆನ್ನು ಬಿಟ್ಟಿಲ್ಲ. ನೌಕರಿ ಸೇರಿದ ವರ್ಷ ದೀಪಾವಳಿಗೆ ಬಂದಾಗ, ಏನು ಕೆಲಸ ಮಾಡ್ತೀಯಪ್ಪ ಅಂತ ನೀವು ಕೇಳಿದ್ದಕ್ಕೆ ನಿಮ್ಮ ಮಗ ‘ಕಲ್ಲು ಮಾಡ್ತೀನಿ’ ಅಂದನಂತೆ. ಆಮೇಲೆ ಬೀದರ್ ಕೋಟೆಗೆ ಹೋಗಿ ಮೂರು ದಿನ ಬರೀ ಗೋಡೆಯ ಕಲ್ಲುಗಳ ಫೋಟೋ ತೆಗೆದನಂತೆ. ಒಂದು ದಿನ ನೀವೂ ಜೊತೆಗೆ ಹೋಗಿ, ನೆರಳು ಹುಡುಕಿ ಕೂತು, ‘ಇವನಿಗೇನಾಗ್ಯಾದ’ ಅಂದುಕೊಂಡಿರಂತೆ.

ಅವನಿಗೆ ಏನೂ ಆಗಿರಲಿಲ್ಲ. ಕೆಲಸ ಮಾಡುತ್ತಿದ್ದ. ಅದನ್ನೇ ಮೊದಲು ಹೇಳುತ್ತೇನೆ.

ಗೇಮ್ ಒಳಗೆ ಕಾಣುವ ಒಂದೊಂದು ಗೋಡೆ, ಬಾಗಿಲು, ಮೆಟ್ಟಿಲು ಯಾರೋ ಕೂತು ಮಾಡಿದ್ದು. ಮೊದಲು ಕಂಪ್ಯೂಟರಿನಲ್ಲಿ ಸಣ್ಣ ಸಣ್ಣ ತ್ರಿಕೋನಗಳನ್ನು ಜೋಡಿಸಿ ಕಲ್ಲಿನ ಆಕಾರ ಕಟ್ಟುತ್ತಾರೆ. ಮೇಲೆ ಬಣ್ಣ ಮತ್ತು ಮೈ ಹೊದಿಸುತ್ತಾರೆ. ಬೀದರಿನ ಕೆಂಪು ಜಂಬಿಟ್ಟಿಗೆ ನೀವು ಮುಟ್ಟಿ ನೋಡಿದ್ದೀರಿ, ಅದರ ಮೈಯೆಲ್ಲ ತೂತು. ಆ ತೂತುಗಳನ್ನೆಲ್ಲ ನಿಜವಾಗಿ ಕೊರೆದು ತೋರಿಸಿದರೆ ಹತ್ತು ಸಾವಿರ ರೂಪಾಯಿಯ ಮೊಬೈಲ್ ತಡೆಯುವುದಿಲ್ಲ, ಬಿಸಿಯಾಗಿ ನಿಂತುಬಿಡುತ್ತದೆ. ಅದಕ್ಕೆ ಆಕಾರವನ್ನು ಸಾದಾ ಇಟ್ಟು, ಬೆಳಕು ಬಿದ್ದಾಗ ತೂತು ಇದೆ ಅಂತ ಕಣ್ಣಿಗೆ ಅನ್ನಿಸುವ ಹಾಗೆ ಮಾಡಬೇಕು. ಬೆಳಗಿನ ಬಿಸಿಲಿಗೆ ಆ ಕಲ್ಲು ಹೇಗೆ ಕಾಣುತ್ತದೆ, ಇಳಿಹೊತ್ತಿಗೆ ಹೇಗೆ, ಮಳೆ ಬಿದ್ದ ಮೇಲೆ ಹೇಗೆ? ಮೂರು ದಿನ ಅವನು ನೋಡುತ್ತಿದ್ದದ್ದು ಇದನ್ನೇ ಇರಬೇಕು. ಇದಕ್ಕೆ ಚಿತ್ರಕಾರನ ಕಣ್ಣೂ ಬೇಕು, ಎಂಜಿನಿಯರನ ಲೆಕ್ಕವೂ ಬೇಕು. ಎರಡೂ ಇರುವವರು ಜಾಸ್ತಿ ಸಿಗುವುದಿಲ್ಲ.

ಓಣಿಯವರ ಮಾತಿಗೆ ಇನ್ನೊಂದು ಕಾರಣವೂ ಇದ್ದೀತು. ನಮ್ಮ ಕಡೆ ಆನ್‌ಲೈನ್ ಗೇಮ್ ಅಂದರೆ ರಮ್ಮಿ, ಬೆಟ್ಟಿಂಗ್, ಸಾಲ ಅಂತಲೇ ಜನ ಅಂದುಕೊಳ್ಳುತ್ತಾರೆ. ಹಾಗೆ ಮನೆ ಹಾಳಾದದ್ದನ್ನು ಕಣ್ಣಾರೆ ಕಂಡವರು ಹೆದರುವುದು ಸಹಜ. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ನಿಷೇಧಿಸಿರುವುದು ದುಡ್ಡು ಕಟ್ಟಿ ಆಡುವ ಆಟಗಳನ್ನು. ಇ-ಸ್ಪೋರ್ಟ್ಸ್ (ಪಂದ್ಯಾವಳಿಯಾಗಿ ಆಡುವ ವಿಡಿಯೋ ಗೇಮ್) ಮತ್ತು ದುಡ್ಡಿನ ಪಣ ಇಲ್ಲದ ಆಟಗಳನ್ನು ಅದೇ ಕಾಯ್ದೆ ಬೇರೆಯಾಗಿ ಇಟ್ಟಿದೆ. ನಿಮ್ಮ ಮಗನ ಗೇಮ್‌ನಲ್ಲಿ ಪಣ ಇರಲಿಲ್ಲ ಅಂತ ನೀವೇ ಬರೆದಿದ್ದೀರಿ. ಕೇಳಿದವರಿಗೆ ಅಷ್ಟನ್ನು ಧೈರ್ಯವಾಗಿ ಹೇಳಿ.

ಈಗ ನಿಮ್ಮ ದೊಡ್ಡ ಪ್ರಶ್ನೆ. ಮೂರು ವರ್ಷ ಕಟ್ಟಿದ್ದು ಒಂಬತ್ತು ವಾರದಲ್ಲಿ ಹೇಗೆ ಬಿತ್ತು?

ಶಹಾಪುರದಿಂದ ಭೀಮರಾಯನಗುಡಿಗೆ ಹೋಗುವ ಟಂಟಂ ನೆನಪಿಸಿಕೊಳ್ಳಿ. ತುಂಬದೆ ಅದು ಹೊರಡುವುದಿಲ್ಲ. ನೀವು ಹತ್ತಿ ಕೂತಿರಿ, ಇನ್ನೂ ಆರು ಜನ ಬೇಕು. ಐದು ನಿಮಿಷ ಕಾಯುತ್ತೀರಿ, ಹತ್ತು ನಿಮಿಷ ಕಾಯುತ್ತೀರಿ. ಅಷ್ಟರಲ್ಲಿ ಮುಂದೆ ಇನ್ನೊಂದು ಟಂಟಂ ತುಂಬುತ್ತ ಬಂದು, ಹೊರಡಲು ತಯಾರಾಗಿ ನಿಂತಿದೆ. ಇಳಿದು ಅದಕ್ಕೆ ಹೋಗುತ್ತೀರಿ, ಅಲ್ವಾ? ನೀವು ಇಳಿದದ್ದು ನೋಡಿ ಪಕ್ಕದವರೂ ಇಳಿಯುತ್ತಾರೆ. ಗಾಡಿ ಚೆನ್ನಾಗಿಯೇ ಇತ್ತು, ಸೀಟು ಹೊಸದು, ಡ್ರೈವರ್ ಒಳ್ಳೆಯವನು. ಆದರೂ ಖಾಲಿ.

ಆನ್‌ಲೈನ್ ಗೇಮ್ ಹೀಗೇ. ಐದು ಜನರ ಎದುರು ಐದು ಜನ ಆಡುವ ಆಟಕ್ಕೆ ಒಂದೇ ಹೊತ್ತಿಗೆ ಹತ್ತು ಜನ ಬೇಕು. ಅವರು ಹೆಚ್ಚುಕಡಿಮೆ ಒಂದೇ ಮಟ್ಟದ ಆಟಗಾರರಾಗಿರಬೇಕು, ಸರ್ವರಿಗೆ ಹತ್ತಿರದ ಊರುಗಳವರಾಗಿರಬೇಕು. ಆಡುವವರು ಕಡಿಮೆಯಾದರೆ ಕಾಯುವುದು ಜಾಸ್ತಿ. ಕಾಯುವುದು ಜಾಸ್ತಿಯಾದರೆ ಆಡುವವರು ಇನ್ನೂ ಕಡಿಮೆ. ಸರ್ವರ್ ಬಾಡಿಗೆ ಮಾತ್ರ ತಿಂಗಳಿಗೆ ತಿಂಗಳು ಕಟ್ಟುತ್ತಲೇ ಇರಬೇಕು. ಇದರ ಜೊತೆಗೆ ಮೊದಲ ದಿನವೇ ಸರ್ವರ್ ಬಿದ್ದರೆ, ಕುತೂಹಲಕ್ಕೆ ಬಂದವರು ಬಾಗಿಲಿಂದಲೇ ವಾಪಸ್ ಹೋಗುತ್ತಾರೆ. ಹಾಗೆ ಹೋದವರಲ್ಲಿ ತಿರುಗಿ ಬರುವವರು ಬಹಳ ಕಡಿಮೆ.

ಇದು ದುಡ್ಡಿಲ್ಲದ ಸಣ್ಣ ಕಂಪನಿಯ ಕಥೆ ಅಂದುಕೊಳ್ಳಬೇಡಿ. ಜಪಾನಿನ ಸೋನಿ 2023ರಲ್ಲಿ ಅಮೆರಿಕದ ಫೈರ್‌ವಾಕ್ ಸ್ಟುಡಿಯೋಸ್ ಅನ್ನು ಕೊಂಡುಕೊಂಡಿತು. ಆ ಸ್ಟುಡಿಯೋ ಮಾಡಿದ ಕಾಂಕಾರ್ಡ್ ಅನ್ನುವ, ಎರಡು ತಂಡ ಎದುರುಬದುರಾಗಿ ಗುಂಡು ಹಾರಿಸುವ ಗೇಮ್ 2024ರ ಆಗಸ್ಟ್ 23ಕ್ಕೆ ಬಿಡುಗಡೆಯಾಯಿತು. ಬೆಲೆ 40 ಡಾಲರ್, ನಮ್ಮ ಲೆಕ್ಕದಲ್ಲಿ ಮೂರು ಸಾವಿರ ರೂಪಾಯಿಗೂ ಮೇಲೆ. ಅದೇ ಬಗೆಯ ವ್ಯಾಲರಂಟ್, ಓವರ್‌ವಾಚ್ 2 ಆಗಲೇ ಪುಕ್ಕಟೆ ಸಿಗುತ್ತಿದ್ದವು. ಕಂಪ್ಯೂಟರಿನಲ್ಲಿ ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯ ಮೂಲಕ ಕಾಂಕಾರ್ಡ್ ಆಡಿದವರು ಒಂದೇ ಹೊತ್ತಿಗೆ 697ಕ್ಕಿಂತ ಮೇಲೆ ಹೋಗಲೇ ಇಲ್ಲ. ಸೆಪ್ಟೆಂಬರ್ 6ಕ್ಕೆ ಸರ್ವರ್ ಬಂದ್ ಆಯಿತು. ಬರೀ ಎರಡು ವಾರ! ಕೊಂಡವರಿಗೆಲ್ಲ ಹಣ ವಾಪಸ್ ಕೊಟ್ಟರು. ಅಕ್ಟೋಬರ್ 29ಕ್ಕೆ ಸ್ಟುಡಿಯೋ ಮುಚ್ಚುವುದಾಗಿ ಸೋನಿ ಹೇಳಿತು. ಚಿತ್ರ ಚೆನ್ನಾಗಿದೆ, ಗುಂಡು ಹಾರಿಸುವಾಗ ಕೈಗೆ ಹಿತ ಅನ್ನಿಸುತ್ತದೆ ಅಂತ ಆಡಿದ ಎಷ್ಟೋ ಜನ ಹೇಳಿದ್ದರು. ಅಲ್ಲಿ ಗೋಡೆ ಮಾಡಿದವನ ತಪ್ಪೇನು? ಬೆಲೆ ಇಟ್ಟವನು ಅವನಲ್ಲ, ಯಾವಾಗ ಬಿಡಬೇಕು ಅಂತ ತೀರ್ಮಾನಿಸಿದವನೂ ಅವನಲ್ಲ.

ಕಲಬುರಗಿಯಲ್ಲಿ ಎಂಎಸ್‌ಕೆ ಮಿಲ್ ಅನ್ನುವ ಜಾಗ ನಿಮಗೆ ಗೊತ್ತು. ಗಿರಣಿ ಮುಚ್ಚಿ ಎಷ್ಟೋ ವರ್ಷವಾಯಿತು, ಏರಿಯಾಕ್ಕೆ ಈಗಲೂ ಅದೇ ಹೆಸರು. ಗಿರಣಿ ನಿಂತಾಗ ಅಲ್ಲಿ ಮಗ್ಗ ನಡೆಸುತ್ತಿದ್ದವರಿಗೆ ನೇಯಲು ಬರುತ್ತಿರಲಿಲ್ಲ ಅಂತ ಯಾರಾದರೂ ಅಂದರೇನು? ನಿಮ್ಮ ಮಗನಿಗೂ ಅಷ್ಟೇ ನ್ಯಾಯ ಸಿಗಬೇಕು.

ನನ್ನದೇ ಒಂದು ವಿಷಯ ಹೇಳಬೇಕು. ಇಪ್ಪತ್ತಾರನೇ ವಯಸ್ಸಿಗೆ ನಾನು ಒಂದು ಸಂಜೆ ಪತ್ರಿಕೆ ಸೇರಿದ್ದೆ. ಹನ್ನೊಂದು ತಿಂಗಳಿಗೆ ಅದು ನಿಂತಿತು, ಕೊನೆಯ ಎರಡು ತಿಂಗಳ ಪಗಾರ ಬರಲೇ ಇಲ್ಲ. ಮನೆಗೆ ಬಂದು ಮುಖ ಮುಚ್ಚಿಕೊಂಡು ಮಲಗಿದ್ದೆ. ನಮ್ಮವ್ವ ಅಟ್ಟದ ಮೇಲೆ ಆ ಪತ್ರಿಕೆಯ ಕಟ್ಟು ಇಟ್ಟಿದ್ದಳು, ದಿನಕ್ಕೊಂದರಂತೆ ಎಲ್ಲವೂ. ಅವಳಿಗೆ ಓದಲು ಬರುತ್ತಿರಲಿಲ್ಲ. ಯಾವ ಸುದ್ದಿ ನಾನು ಬರೆದದ್ದು ಅಂತ ಕೇಳಿ ಅಲ್ಲಿ ಅರಿಶಿನದ ಬೆರಳು ಒತ್ತಿ ಗುರುತು ಮಾಡಿಕೊಂಡಿದ್ದಳು. ಆ ಕಟ್ಟು ಈಗಲೂ ನನ್ನ ಹತ್ತಿರ ಇದೆ. ಕಾಗದ ಮುಟ್ಟಿದರೆ ಪುಡಿಯಾಗುತ್ತದೆ, ಆದರೂ ಇದೆ.

ನಿಮ್ಮ ಮಗನಿಗೆ ಅಂಥ ಕಟ್ಟು ಇಲ್ಲ. ನನಗೆ ಸಂಕಟವಾಗುವುದು ಇಲ್ಲಿಯೇ. ಸರ್ವರ್ ಆರಿಸಿದ ಕೂಡಲೇ ಇಡೀ ಆಟ ಹೋಯಿತು. ಮೊಬೈಲಿನಲ್ಲಿ ಆ್ಯಪ್ ಉಳಿದಿದ್ದರೂ ಒಳಗೆ ಹೋಗಲು ಬರುವುದಿಲ್ಲ. ಮೂರು ವರ್ಷದ ಕೆಲಸವನ್ನು ಅವನು ಅಪ್ಪನಿಗೆ ತೋರಿಸುವ ಹಾಗಿಲ್ಲ, ಓಣಿಯವರಿಗೆ ತೋರಿಸುವ ಹಾಗಿಲ್ಲ. ಆಡುವವರಿಗೂ ಈ ನೋವು ಇದೆ. ಯೂಬಿಸಾಫ್ಟ್ ಕಂಪನಿ ತನ್ನ ದಿ ಕ್ರೂ ಅನ್ನುವ ಕಾರ್ ಗೇಮ್ ಅನ್ನು 2024ರ ಮಾರ್ಚ್ 31ಕ್ಕೆ ನಿಲ್ಲಿಸಿತು. ದುಡ್ಡು ಕೊಟ್ಟು ಕೊಂಡವರಿಗೂ ಆಮೇಲೆ ಆಡಲು ಬರಲಿಲ್ಲ. ಅದರಿಂದ ಎದ್ದ ಚಳವಳಿಗೆ ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಕಂಪನಿ ಕೈಬಿಟ್ಟ ಮೇಲೂ ಆಟವನ್ನು ಆಡುವ ಸ್ಥಿತಿಯಲ್ಲಿ ಉಳಿಸಿ ಅನ್ನುವುದು ಅವರ ಬೇಡಿಕೆ. ನನಗೆ ಅದು ಪೂರ್ತಿ ನ್ಯಾಯ ಅನ್ನಿಸುತ್ತದೆ.

ಹಾಗಾಗಿ ಅವನ ಹತ್ತಿರ ಏನು ಉಳಿದಿದೆ ಅಂತ ಈಗಲೇ ಕೇಳಿ. ಫೋಟೋ, ವಿಡಿಯೋ, ಹೆಸರು ಬರುವ ಕ್ರೆಡಿಟ್ ಪುಟ. ಗೇಮ್‌ಗಾಗಿ ಮಾಡಿದ್ದು ಸಾಮಾನ್ಯವಾಗಿ ಕಂಪನಿಯ ಸ್ವತ್ತು, ಅದಕ್ಕೆ ಏನು ತೋರಿಸಬಹುದು ಅಂತ ಕರಾರು ಓದಿ, ಜವಾಬ್ದಾರರಿಂದ ಬರಹದಲ್ಲಿ ಒಪ್ಪಿಗೆ ಪಡೆಯಲಿ. ಬೀದರಿನಲ್ಲಿ ತೆಗೆದ ಫೋಟೋ ತನ್ನದೇ ಆಗಿದ್ದರೆ, ಪುಕ್ಕಟೆ ಸಿಗುವ ಬ್ಲೆಂಡರ್ ತಂತ್ರಾಂಶದಲ್ಲಿ ಅದೇ ಗೋಡೆಯನ್ನು ಹೊಸದಾಗಿ ಕಟ್ಟಲಿ. ಮುಂದಿನ ಕೆಲಸಕ್ಕೆ ಕೇಳುವುದೇ ಅದನ್ನು.

ಪಗಾರದ ವಿಷಯವನ್ನು ಅವನು ಸಂಕೋಚಪಟ್ಟು ಬಿಡಬಾರದು. ಕಂಪನಿ ಮುಚ್ಚಿ ಕೆಲಸ ಹೋದರೆ, ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು ಅಂತ ವೇತನ ಸಂಹಿತೆ ಹೇಳುತ್ತದೆ. ಪಿಎಫ್ ಪ್ರತಿ ತಿಂಗಳು ಜಮೆ ಆಗಿದೆಯೇ ಅಂತ ಪಾಸ್‌ಬುಕ್‌ನಲ್ಲಿ ನೋಡಲಿ. ಅನುಭವ ಪತ್ರವನ್ನು ಕಂಪನಿಯ ಮಂದಿ ಫೋನಿಗೆ ಸಿಗುತ್ತಿರುವಾಗಲೇ ತೆಗೆದುಕೊಳ್ಳಲಿ. ನಾನು ಆ ಎರಡು ತಿಂಗಳ ಪಗಾರ ಕೇಳಲೇ ಇಲ್ಲ, ಅದು ತಪ್ಪಾಯಿತು.

ಬ್ಯಾಂಕ್ ಪರೀಕ್ಷೆ ಬರೆಯುವುದು ಒಳ್ಳೆಯದೇ, ಅವನಿಗೆ ಮನಸ್ಸಿದ್ದರೆ. ಸೋತದ್ದಕ್ಕೆ ದಂಡ ಅಂತ ಕೂಡಿಸಬೇಡಿ. ಆರು ತಿಂಗಳು ಕೊಡಿ ಅಂತ ನನ್ನ ಬೇಡಿಕೆ. ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಬೇರು ಇದೆ. ಧ್ರುವ ಇಂಟರ್ಯಾಕ್ಟಿವ್ ಅನ್ನುವ ಗೇಮ್ ಕಂಪನಿ 1997ರಲ್ಲೇ ಅಲ್ಲಿ ಶುರುವಾಗಿ, 2019ರಲ್ಲಿ ಅಮೆರಿಕದ ದೊಡ್ಡ ಗೇಮ್ ಕಂಪನಿ ರಾಕ್‌ಸ್ಟಾರ್ ಗೇಮ್ಸ್ ಕೈಸೇರಿತು. ಗೇಮ್ ಬಿಟ್ಟರೂ ಸಿನಿಮಾಕ್ಕೆ, ಮನೆ ಕಟ್ಟುವವರಿಗೆ, ಹಳೆಯ ಕಟ್ಟಡಗಳ ದಾಖಲೆಗೆ ಇದೇ ಕೈ ಬೇಕು. ಮತ್ತೆ, ಬಿದ್ದ ಆಟ ಎದ್ದದ್ದೂ ಉಂಟು. ಫೈನಲ್ ಫ್ಯಾಂಟಸಿ 14 ಅನ್ನುವ ಜಪಾನಿ ಗೇಮ್ 2010ರಲ್ಲಿ ಬಂದು ಬಹಳ ಬೈಸಿಕೊಂಡಿತು. 2012ರಲ್ಲಿ ಅದನ್ನು ನಿಲ್ಲಿಸಿ, ಹೊಸದಾಗಿ ಕಟ್ಟಿ, 2013ರಲ್ಲಿ ಮತ್ತೆ ಬಿಟ್ಟರು. ಇವತ್ತಿಗೂ ಜನ ಆಡುತ್ತಿದ್ದಾರೆ. ಅಲ್ಲಿ ಕಾಯಲು ಕಂಪನಿಗೆ ತಾಕತ್ತಿತ್ತು. ಇಲ್ಲಿ ಆ ತಾಕತ್ತು ಮನೆಯಿಂದಲೇ ಬರಬೇಕು, ನಿಮ್ಮಿಂದ.

ಈ ಸಂಚಿಕೆ ಕೈಗೆ ಬಂದ ದಿನ ರಾತ್ರಿ ಊಟ ಆದ ಮೇಲೆ ಲ್ಯಾಪ್‌ಟಾಪ್ ತೆಗೆಯಲು ಹೇಳಿ, ಪಕ್ಕದಲ್ಲಿ ಕೂಡಿ. ಆ ಗೋಡೆ ತೋರಿಸು ಅನ್ನಿ. ಅವನೇ ಹೊಸದಾಗಿ ಕಟ್ಟಿದ ಗೋಡೆಯ ಚಿತ್ರ ಇದ್ದರೆ ನಮಗೆ ಕಳಿಸಿ, ಅವನು ಒಪ್ಪಿದರೆ ಹೆಸರು ಹಾಕಿ ಅಚ್ಚು ಮಾಡುತ್ತೇವೆ. ಹಾಗೇ ಒಂದು ಮಾತು ಕೇಳಿ ತಿಳಿಸಿ ಮಾಸ್ತರೇ. ಬೀದರ್ ಕೋಟೆಯ ಶರ್ಜಾ ದರ್ವಾಜದ ಮೇಲಿನ ಎರಡು ಹುಲಿಗಳನ್ನೂ ಮಾಡಿದ್ದಾನೆಯೇ?

— ಸಂಪಾದಕ